ಮೀಸೆ ಬರೆದ ಮುಖ

ಗೌನಿಪಲ್ಲಿಯಿಂದ ರಾಯಲ್ಪಾಡಿನ ಕಡೆ ಹೋಗುವ ಬಸ್ಸು ಮಾವಿನ ತೋಪುಗಳ ನಡುವೆ ಒಂದು ಕಡೆ ನಿಲ್ಲುತ್ತದೆ. ಇಳಿಯುವವರು ಇಬ್ಬರೋ ಮೂವರೋ. ಅಲ್ಲಿಂದ ಒಳಕ್ಕೆ ಹತ್ತು ನಿಮಿಷ ನಡೆದರೆ ಸಿಗುವ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಸುನಂದ ಬೇಡವೆಂದಿದ್ದಾಳೆ. ಊರಿಗೆ ಯಾಕೆ ಕೆಟ್ಟ ಹೆಸರು ಎಂಬುದು ಅವಳ ವಾದ. ತನ್ನ ಹೆಸರನ್ನು ಮಾತ್ರ ಬರೆಯಲೇಬೇಕಂತೆ. ಅದೂ ಅವಳದೇ ಹಟ.

ಆ ಊರಿನಲ್ಲಿ ಒಂದು ಲೈಬ್ರರಿ ಇದೆ. ಮೊದಲು ಅದು ರೇಷ್ಮೆ ಹುಳು ಸಾಕುವ ಮನೆಯಾಗಿತ್ತು. ಹುಳುವಿನ ತಟ್ಟೆಗಳನ್ನು ಜೋಡಿಸುತ್ತಿದ್ದ ಸ್ಟ್ಯಾಂಡುಗಳ ಮೇಲೆ ಈಗ ಪುಸ್ತಕಗಳಿವೆ. ಕೋಲಾರ ಜಿಲ್ಲೆಯಲ್ಲಿ ಇಂಥ ಲೈಬ್ರರಿ ಇನ್ನೊಂದಿಲ್ಲ ಎಂದು ಊರವರು ಕೊಚ್ಚಿಕೊಳ್ಳುವುದು ಪುಸ್ತಕಗಳಿಗಾಗಿ ಅಲ್ಲ, ಗೋಡೆಯ ಮೇಲಿರುವ ಸಾಮಾನುಗಳಿಗಾಗಿ. ಹಳದಿ, ಹಸಿರು, ಕೆಂಪು ಪಟ್ಟಿಗಳನ್ನು ಜೋಡಿಸಿ ಹೊಲಿದ ಘಾನಾ ದೇಶದ ಮಗ್ಗದ ಬಟ್ಟೆ, ಒಂದೇ ದಿಮ್ಮಿಯಲ್ಲಿ ಕೊರೆದ ಮಣೆ, ಗೇಣುದ್ದ ಹಲ್ಲಿನ ಮರದ ಬಾಚಣಿಗೆ, ಚಿನ್ನ ತೂಗಲು ಬಳಸುತ್ತಿದ್ದ, ಆಮೆ ಮೀನುಗಳ ಆಕಾರದ ಹಿತ್ತಾಳೆಯ ಬಟ್ಟುಗಳು. ಮೂಲೆಯಲ್ಲಿ ಟ್ರಿನಿಡಾಡ್ ದ್ವೀಪದ ಒಂದು ವಾದ್ಯ. ಎಣ್ಣೆ ಪೀಪಾಯಿಯ ತಳವನ್ನು ಬಡಿದು ಬಡಿದು ತಗ್ಗು ಮಾಡಿ, ಒಂದೊಂದು ತಗ್ಗಿನಲ್ಲಿ ಒಂದೊಂದು ಸ್ವರ ಕೂರಿಸಿದ್ದು. ಅದನ್ನು ಮೊದಲ ಸಲ ನೋಡಿದವರು ಜಾತ್ರೆಗೆ ಅನ್ನ ಬಸಿಯುವ ಪಾತ್ರೆ ಎಂದುಕೊಳ್ಳುತ್ತಾರೆ, ಬಾರಿಸಿದ ಮೇಲೆ ಬಾಯಿ ಮುಚ್ಚುತ್ತಾರೆ. ಊರ ಮಕ್ಕಳು ಇದಕ್ಕೆ ಆಫ್ರಿಕಾ ರೂಮು ಎನ್ನುತ್ತಾರೆ.

ಇದೆಲ್ಲ ಕೋದಂಡರಾಮಪ್ಪ ಮೇಷ್ಟ್ರದು. ಗಣಿತದ ಮೇಷ್ಟ್ರು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಪೇಪರಿನಲ್ಲಿ ಬಂದ ಜಾಹೀರಾತು ನೋಡಿ ಘಾನಾಕ್ಕೆ ಪಾಠ ಹೇಳಲು ಹೋದವರು, ಹನ್ನೊಂದು ವರ್ಷ ಅಲ್ಲೇ ಇದ್ದುಬಿಟ್ಟರು. ಬರುವಾಗ ಮೂರು ಟ್ರಂಕು ತಂದರು. ಪೀಪಾಯಿ ವಾದ್ಯ ಜೊತೆಯಲ್ಲಿ ಪಾಠ ಹೇಳುತ್ತಿದ್ದ ಟ್ರಿನಿಡಾಡಿನ ಮೇಷ್ಟ್ರು ಕೊಟ್ಟದ್ದು. ಆಮೇಲೆ ಮುಳಬಾಗಿಲಿನ ಕಡೆ ಹೈಸ್ಕೂಲಿನಲ್ಲಿ ಪಾಠ ಹೇಳಿ, ರಿಟೈರಾಗಿ, ತಮ್ಮನ ಮನೆಗೆ ಬಂದು ನೆಲೆಸಿದರು. ತಮ್ಮ ರೇಷ್ಮೆ ಬಿಟ್ಟು ಟೊಮೆಟೊ ಹಿಡಿದಾಗ ಖಾಲಿ ಬಿದ್ದ ಹುಳುಮನೆಯನ್ನು ಕೇಳಿ ಪಡೆದು ಲೈಬ್ರರಿ ಮಾಡಿದರು. ಆ ಹೊತ್ತಿಗೆ ಅವರ ಕಣ್ಣಿನ ನರ ಒಣಗುತ್ತ ಬಂದಿತ್ತು. ಈಗ ಬೆಳಕು ಮತ್ತು ನೆರಳು ಬಿಟ್ಟರೆ ಅವರಿಗೆ ಏನೂ ಕಾಣುವುದಿಲ್ಲ.

ಲೈಬ್ರರಿ ನೋಡಿಕೊಳ್ಳುವವಳು ಸುನಂದ. ಮೇಷ್ಟ್ರ ಹಳೆಯ ಶಿಷ್ಯೆ, ಅವರಿಂದಲೇ ಗಣಿತದಲ್ಲಿ ಪಾಸಾದವಳು. ನಲವತ್ತನಾಲ್ಕು ವರ್ಷ. ಬಿ.ಎ. ಓದಿದ್ದಾಳೆ, ಮಾತು ಚುರುಕು, ಮಕ್ಕಳನ್ನು ಗದರಿಸದೆ ಕೂರಿಸಬಲ್ಲಳು. ಮತ್ತು ಕಪ್ಪು. ಇದನ್ನು ಹೇಳಲೇಬೇಕು, ಯಾಕೆಂದರೆ ಊರು ಅವಳಿಗೆ ಇದನ್ನು ಹೇಳುವುದು ಎಂದೂ ಬಿಟ್ಟಿಲ್ಲ. ಶಾಲೆಯ ನಾಟಕದಲ್ಲಿ ರಾಕ್ಷಸಿ ಪಾರ್ಟು ಯಾರನ್ನೂ ಕೇಳದೆ ಅವಳಿಗೇ ಬರುತ್ತಿತ್ತು. ಮದುವೆಗೆ ಮುಂಚೆ ನಾಲ್ಕು ಗಂಡಿನ ಕಡೆಯವರು ಉಪ್ಪಿಟ್ಟು ತಿಂದು, ಕೈ ತೊಳೆದು, ಆಮೇಲೆ ಹೇಳಿಕಳಿಸುತ್ತೇವೆ ಎಂದು ಹೋದವರು ಹೇಳಿಕಳಿಸಲಿಲ್ಲ. ಐದನೆಯವನು ಮುನಿಕೃಷ್ಣ ಒಪ್ಪಿದ. ಅವನ ತಾಯಿ ಅಕ್ಕಯಮ್ಮ ಮಾತ್ರ ಸೊಸೆ ಮನೆ ತುಂಬಿದ ದಿನದಿಂದ ಅವಳನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ತೆಲುಗಿನಲ್ಲಿ ನಲ್ಲಪಿಲ್ಲ, ಅಂದರೆ ಕರಿಹುಡುಗಿ ಎನ್ನುತ್ತಿದ್ದಳು. ಪ್ರೀತಿಗೇ ಎನ್ನುತ್ತಿದ್ದಳೆಂದು ಎಲ್ಲರೂ ಹೇಳುತ್ತಾರೆ. ಇರಬಹುದು.

ತಪ್ಪು ನಡೆದದ್ದು ಹೀಗೆ. ಹೇಳುವಾಗ ಸುನಂದ ಇದನ್ನು ಒಂದು ಚೂರೂ ನಯ ಮಾಡುವುದಿಲ್ಲ, ಇಲ್ಲೂ ನಯ ಮಾಡುವುದು ಬೇಡ.

ಮೂರು ವರ್ಷದ ಹಿಂದೆ ಟ್ರಂಕುಗಳನ್ನು ತೆರೆದ ದಿನ ಮೇಷ್ಟ್ರು ಕುರ್ಚಿಯಲ್ಲಿ ಕೂತಿದ್ದರು. ಅವಳು ಒಂದೊಂದೇ ಸಾಮಾನು ತೆಗೆದು ಹೀಗಿದೆ ಹಾಗಿದೆ ಎಂದು ಹೇಳುವುದು, ಅವರು ಅದು ಏನು, ಯಾರು ಕೊಟ್ಟದ್ದು ಎಂದು ಹೇಳುವುದು, ಅವಳು ಉದ್ದನೆಯ ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆಯುವುದು. ನಲವತ್ತು ಸಾಮಾನಾಯಿತು. ಆಗ ಮೇಷ್ಟ್ರನ್ನು ಊಟಕ್ಕೆ ಕರೆದರು, ಅವರು ಎದ್ದುಹೋದರು. ಮೂರನೇ ಟ್ರಂಕಿನ ತಳದಲ್ಲಿ ಹಳೆಯ ಇಂಗ್ಲಿಷ್ ಪೇಪರಿನಲ್ಲಿ ಸುತ್ತಿದ್ದ ಇನ್ನೊಂದು ಸಾಮಾನಿತ್ತು. ಬಿಚ್ಚಿದಳು. ಒಂದು ಮುಖ. ಕಪ್ಪು ಮರದ್ದು, ನಿಜವಾದ ಮುಖದಷ್ಟೇ ದೊಡ್ಡದು. ಅಗಲ ಮೂಗು, ದಪ್ಪ ತುಟಿ, ಮುಚ್ಚಿದ ಕಣ್ಣು. ಯಾವುದೋ ರಾಕ್ಷಸ ಎಂದುಕೊಂಡಳು. ನೋಡಿ ಅಂದುಕೊಂಡದ್ದಲ್ಲ, ನೋಡುವ ಮೊದಲೇ ಅಂದುಕೊಂಡಾಗಿತ್ತು.

ಅವಳ ತಲೆಯಲ್ಲಿ ಆಗ ಬೇರೆ ಚಿಂತೆ ಓಡುತ್ತಿತ್ತು. ಊರ ಅಂಚಿನಲ್ಲಿ ಅವರ ಹೊಸ ಮನೆ ಏಳುತ್ತಿತ್ತು, ಮಾರನೆಯ ಬೆಳಿಗ್ಗೆ ತಾರಸಿಗೆ ಮೋಲ್ಡಿಂಗ್. ದೃಷ್ಟಿಗೆಂದು ಕಣ್ಣು ಬರೆದು ಕಟ್ಟಿದ್ದ ಬೂದುಗುಂಬಳಕಾಯಿಯನ್ನು ಅವತ್ತೇ ಬೆಳಿಗ್ಗೆ ಕೋತಿಗಳು ಕಿತ್ತು ಒಡೆದುಹಾಕಿದ್ದವು. ಮೇಸ್ತ್ರಿ ಅಶ್ವತ್ಥಪ್ಪ ಕೈಕಟ್ಟಿ ನಿಂತುಬಿಟ್ಟಿದ್ದ.

"ದಿಷ್ಟಿ ಬೊಂಬೆ ಇಲ್ದೆ ನಾನು ಮೋಲ್ಡಿಂಗ್ ಹಾಕಲ್ಲಮ್ಮ. ಹೋದ ವರ್ಷ ಒಬ್ರ ಮನೇಲಿ ಸೆಂಟ್ರಿಂಗೇ ಕುಸೀತು. ಏನಾದ್ರೂ ತಂದು ಕಟ್ಟಿ, ಆಮೇಲೆ ಮಾತಾಡನ."

ಎರಡು ದಿನ ಅಷ್ಟೇ, ಮೋಲ್ಡಿಂಗ್ ಮುಗಿದ ಮೇಲೆ ತಂದಿಟ್ಟರಾಯಿತು ಎಂದು ಸುನಂದ ಆ ಮುಖವನ್ನು ತನ್ನ ವೈರುಬುಟ್ಟಿಗೆ ಹಾಕಿಕೊಂಡಳು. ಮೇಷ್ಟ್ರು ಊಟ ಮುಗಿಸಿ ಬಂದು, "ಆಯ್ತೇನಮ್ಮ ಎಲ್ಲ?" ಎಂದರು. "ಆಯ್ತು ಸಾರ್, ನಲವತ್ತು," ಎಂದಳು.

ಮುನಿಕೃಷ್ಣನಿಗೆ ಶ್ರೀನಿವಾಸಪುರದ ಅಂಗಡಿಯಲ್ಲಿ ಕೊಂಡು ತಂದದ್ದು ಎಂದಳು. ಅವನ ಕಸುಬು ಟೊಮೆಟೊ ಕ್ರೇಟುಗಳ ಮೇಲೆ ಮಂಡಿಯವರ ಹೆಸರು ಬರೆಯುವುದು, ಮನೆಯಲ್ಲಿ ಪೇಂಟು ಸದಾ ಇರುತ್ತದೆ. ಅವನು ಮುಖವನ್ನು ತಿರುಗಿಸಿ ಮುರುಗಿಸಿ ನೋಡಿ, "ಕಣ್ಣು ಮುಚ್ಕೊಂಡು ಕೂತ್ರೆ ದಿಷ್ಟಿ ಹೆಂಗೆ ತಡೆಯುತ್ತೆ?" ಎಂದು ನಕ್ಕು, ಮುಚ್ಚಿದ ರೆಪ್ಪೆಗಳ ಮೇಲೆ ದೊಡ್ಡ ಬಿಳಿ ಕಣ್ಣು ಬರೆದ. ಗದ್ದದವರೆಗೆ ಕೆಂಪು ನಾಲಿಗೆ ಎಳೆದ. ಮೂಗಿನ ಕೆಳಗೆ ಹುರಿಗೊಳಿಸಿದ ಮೀಸೆ. ಆಮೇಲೆ ಹಣೆಯ ನಡುವೆ ನಾಲ್ಕಿಂಚಿನ ಮೊಳೆ ಹೊಡೆದು ಬಾಗಿಲ ಮೇಲಿನ ತೊಲೆಗೆ ಸಿಕ್ಕಿಸಿದ. ಸುನಂದ ಕೆಳಗೆ ನಿಂತು ಮೊಳೆ ಎತ್ತಿಕೊಟ್ಟಳು.

ಮೋಲ್ಡಿಂಗ್ ಸಲೀಸಾಗಿ ಆಯಿತು. ಅದೇ ತಿಂಗಳು ಎಮ್ಮೆ ಹೆಣ್ಣುಗರು ಹಾಕಿತು. ಟೊಮೆಟೊಗೆ ರೇಟು ಬಂತು. ಅಕ್ಕಯಮ್ಮ ಎಲ್ಲವನ್ನೂ ಬೊಂಬೆಯ ಲೆಕ್ಕಕ್ಕೆ ಹಾಕಿದಳು. ಇಳಿಸುವ ಮಾತೆತ್ತಿದರೆ, "ಮುಟ್ಟಬೇಡ ಕಣೇ ನಲ್ಲಪಿಲ್ಲ, ಮನೆ ಕಾಯ್ತಿರೋ ಬೊಂಬೆ ಅದು," ಎನ್ನುತ್ತಿದ್ದಳು. ಎರಡು ದಿನ ತಿಂಗಳಾಯಿತು.

ತಿಂಗಳಾದ ಮೇಲೆ ಮೇಷ್ಟ್ರು ಒಂದು ಮಧ್ಯಾಹ್ನ ಕೇಳಿದರು. "ಸುನಂದಮ್ಮ, ಒಂದು ಮುಖ ಇತ್ತಲ್ಲ? ಕಣ್ಣು ಮುಚ್ಚಿರೋದು. ಪಟ್ಟೀಲಿ ಅದ್ನ ನೀನು ಓದ್ಲೇ ಇಲ್ಲ."

"ಯಾವ ಮುಖ ಸಾರ್?" ಎಂದಳು.

ಆಗ ಮೇಷ್ಟ್ರು ಹೇಳಿದರು. ಅವರು ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದ ಮನೆಯ ಯಜಮಾನಿ ಎಫುವಾ. ಎಂಬತ್ತಮೂರರಲ್ಲಿ ಆ ದೇಶಕ್ಕೆ ಹೊಟ್ಟೆಗಿಲ್ಲದ ವರ್ಷ ಬಂತು. ಸಂಬಳವಿದ್ದರೂ ಅಂಗಡಿಯಲ್ಲಿ ಸಾಮಾನಿರಲಿಲ್ಲ. ಎಫುವಾ ಅಮ್ಮ ಗೆಣಸಿನ ಹಿಟ್ಟು ಕುಟ್ಟಿ ಮಾಡಿದ ಒಂದು ಮುದ್ದೆಯನ್ನು ಎರಡು ಮಾಡಿ, ಅರ್ಧ ತನ್ನ ಮಕ್ಕಳಿಗೆ, ಅರ್ಧ ಈ ಪರದೇಶಿಗೆ ಇಟ್ಟಳು. ತಾನು ಕಣ್ಣು ಮುಚ್ಚಿ ಗೋಡೆಗೆ ಒರಗಿ, ತನಗೆ ಊಟವಾಯಿತು ಎನ್ನುತ್ತಿದ್ದಳು. ಆಗಿರುತ್ತಿರಲಿಲ್ಲ. ಅವಳ ಮಗ ಕೋಫಿ ಮರ ಕೆತ್ತುವವನು. ಮೇಷ್ಟ್ರು ಹೊರಡುವಾಗ, ತಾಯಿ ಹಾಗೆ ಒರಗಿ ಕೂತ ಮುಖವನ್ನೇ ಕೆತ್ತಿ ಕೊಟ್ಟ.

"ನಮ್ಮಮ್ಮ ಹೋದ್ಮೇಲೆ ನಂಗೆ ಅಮ್ಮ ಅಂದ್ರೆ ಆ ಮುಖಾನೇ ಕಣಮ್ಮ. ಟ್ರಂಕಲ್ಲಿ ಇರ್ಲಿಲ್ವಾ?"

ಹೇಳಿಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿರಲಿಲ್ಲ. ಸುನಂದಳ ಕಣ್ಣ ಮುಂದೆ ನಾಲಿಗೆ ಬಂತು, ಮೀಸೆ ಬಂತು, ಮೊಳೆ ಬಂತು. "ಇಲ್ಲ ಸಾರ್," ಎಂದಳು.

"ಹಂಗಾದ್ರೆ ಮುಳಬಾಗಿಲಿಂದ ಮನೆ ಸಾಗಿಸುವಾಗ ಎಲ್ಲೋ ಹೋಗಿರ್ಬೇಕು," ಎಂದರು ಮೇಷ್ಟ್ರು. ಒಂದು ವರ್ಷ ಬಿಟ್ಟು ಮತ್ತೆ ಕೇಳಿದರು. ಮತ್ತೆ ಇಲ್ಲವೆಂದಳು. ಮೊದಲ ಸಲದ್ದು ಭಯಕ್ಕೆ ಹೇಳಿದ ಸುಳ್ಳು, ಎರಡನೆಯದು ನಾಲಿಗೆಗೆ ಅಭ್ಯಾಸವಾದದ್ದು. ಅಷ್ಟರಲ್ಲಿ ಅವಳು ಮಕ್ಕಳಿಗೆ ಆ ನಲವತ್ತು ಸಾಮಾನುಗಳ ಕಥೆ ಹೇಳುವುದರಲ್ಲಿ ಹೆಸರುವಾಸಿಯಾಗಿದ್ದಳು. ಆಫ್ರಿಕಾದವರು ಕಾಡುಜನ ಎಂದು ಯಾವುದಾದರೂ ಹುಡುಗ ಅಂದರೆ ಅವನನ್ನು ಅಲ್ಲೇ ನಿಲ್ಲಿಸಿ ಚೆನ್ನಾಗಿ ಬಿಡಿಸಿ ಹೇಳುತ್ತಿದ್ದಳು. ಸಂಜೆ ಮನೆಗೆ ಹೋಗುವಾಗ ಬಾಗಿಲಲ್ಲಿ ಮಾತ್ರ ತಲೆ ಎತ್ತುತ್ತಿರಲಿಲ್ಲ.

ಹೀಗೆ ಮೂರು ವರ್ಷ. ಕಳೆದ ನವೆಂಬರಿನಲ್ಲಿ ಮೇಷ್ಟ್ರು ಸಡಗರದಿಂದ ಸುದ್ದಿ ಹೇಳಿದರು. ಕೋಫಿಯ ಮಗಳು ಅಬೆನಾ ಬೆಂಗಳೂರಿನಲ್ಲಿ ಫಾರ್ಮಸಿ ಓದಲು ಬಂದಿದ್ದಾಳೆ, ಭಾನುವಾರ ಲೈಬ್ರರಿ ನೋಡಲು ಬರುತ್ತಾಳೆ. ಊರೆಲ್ಲ ಸೇರಿಸಿ ಹಬ್ಬದ ಹಾಗೆ ಮಾಡಬೇಕು. ಮಕ್ಕಳು ಪೀಪಾಯಿ ವಾದ್ಯ ಬಾರಿಸಬೇಕು, ಘಾನಾದ ಕಥೆ ಓದಬೇಕು. ಮಧ್ಯಾಹ್ನದ ಊಟ ಸುನಂದಳ ಮನೆಯಲ್ಲಿ. "ನಿನ್ನ ಕೈ ನಾಟಿಕೋಳಿ ಸಾರು, ಮುದ್ದೆ. ಅವರೂ ನಮ್ಮಂಗೆ ಮುದ್ದೆ ಅಗಿಯಲ್ಲ ಕಣಮ್ಮ, ನುಂಗ್ತಾರೆ," ಎಂದು ನಕ್ಕರು. ಆಮೇಲೆ ನಗು ನಿಂತಿತು.

"ಆ ಮಗು ಅಜ್ಜಿ ಮುಖ ನೋಡೋಕೇ ಬರ್ತಿರೋದು. ಎಫುವಾ ಅಮ್ಮ ತೀರ್ಕೊಂಡು ಎಷ್ಟೋ ವರ್ಷ ಆಯ್ತು. ಅವರ ಮನೇಲಿ ಒಂದು ಒಳ್ಳೆ ಫೋಟೋನೂ ಇಲ್ಲ. ವೋಟರ್ ಕಾರ್ಡಿಂದು ಒಂದಿದೆಯಂತೆ, ಅದ್ರಲ್ಲಿ ಹೆದರ್ಕೊಂಡಿರೋ ಹಂಗಿದ್ದಾರಂತೆ. ಕೋಫಿ ಫೋನಲ್ಲಿ ಕಾಯ್ತಿರ್ತಾನೆ. ನಾನು ಕಳೆದುಬಿಟ್ಟೆ ಅಂತ ಹೆಂಗೆ ಹೇಳ್ಲಿ? ಕೈ ಮುಗಿದು ಕ್ಷಮೆ ಕೇಳ್ತೀನಿ. ಇನ್ನೇನ್ ಮಾಡ್ಲಿ."

ಸುನಂದಳಿಗೆ ಅಲ್ಲೇ ಭೂಮಿ ಬಾಯಿಬಿಡಬಾರದೇ ಅನಿಸಿತು. ತಾನು ಮಾಡಿದ ಕಳ್ಳತನಕ್ಕೆ ಎಪ್ಪತ್ತೆಂಟರ ಮೇಷ್ಟ್ರು ಒಬ್ಬ ಹುಡುಗಿಯ ಮುಂದೆ ಕೈ ಮುಗಿಯಬೇಕು. ಅವಳು ಹೂಂ ಎನ್ನುವಂತೆ ತಲೆಯಾಡಿಸಿದಳು. ಅವರಿಗೆ ಅದು ಕಾಣಲಿಲ್ಲ.

ಶನಿವಾರ ಮಧ್ಯಾಹ್ನ ಏಣಿ ಹಾಕಿದಳು. ಅಕ್ಕಯಮ್ಮ ಕೋಲೂರಿಕೊಂಡು ಬಂದು ಏಣಿಯನ್ನೇ ಹಿಡಿದುಕೊಂಡಳು. "ಏಮೇ, ಬುದ್ಧಿ ಐತಾ ನಿಂಗೆ? ಅದನ್ನ ಇಳಿಸಿ ಮನೆಗೇನಾದ್ರೂ ಆದ್ರೆ ಯಾರು ಹೊಣೆ?"

"ನಾನೇ ಹೊಣೆ ಅತ್ತೆ. ಮೊದ್ಲಿಂದ್ಲೂ ನಾನೇ," ಎಂದು ಸುನಂದ ಮೊಳೆ ಕಿತ್ತಳು. ಮರ ಸೀಳುವ ಸದ್ದಾಯಿತು.

ಹಿತ್ತಲಲ್ಲಿ ಕೂತು, ಗಂಡನ ಥಿನ್ನರಿನಲ್ಲಿ ಬಟ್ಟೆ ಅದ್ದಿ ಒರೆಸತೊಡಗಿದಳು. ಮೊದಲು ನಾಲಿಗೆ ಹೋಯಿತು. ಬಿಳಿ ಕಣ್ಣು ಕರಗಿ ಕೆನ್ನೆಯ ಮೇಲೆ ಇಳಿಯಿತು, ಅದರ ಕೆಳಗೆ ಮುಚ್ಚಿದ ರೆಪ್ಪೆ ಬಂತು. ಬಿಸಿಲಿಗೂ ಮಳೆಗೂ ಮರ ಬೆಳ್ಳಗಾಗಿ ಹಣೆಯಿಂದ ಹುಬ್ಬಿನವರೆಗೆ ಬಿರುಕು ಬಿಟ್ಟಿತ್ತು. ಮೀಸೆ ಮಾತ್ರ ಪೂರ್ತಿ ಹೋಗಲಿಲ್ಲ. ಕೆತ್ತನೆಯ ಗೆರೆಗಳಲ್ಲಿ ಪೇಂಟು ಕೂತುಬಿಟ್ಟಿತ್ತು, ಸೂಜಿ ಹಾಕಿ ಕೆರೆದರೂ ಬಿಡಲಿಲ್ಲ. ಆದರೂ ಈಗ ಮುಖ ಕಾಣುತ್ತಿತ್ತು. ಅದರಲ್ಲಿ ಭಯಪಡಿಸುವಂಥದ್ದು ಏನೂ ಇರಲಿಲ್ಲ. ದಣಿದ ಹೆಂಗಸೊಬ್ಬಳು ಕೆಲಸ ಮುಗಿಸಿ ಗೋಡೆಗೆ ಒರಗಿದ ಹಾಗಿತ್ತು. ತುಟಿಯ ಕೊನೆಯಲ್ಲಿ ಇನ್ನೇನು ನಗುತ್ತಾಳೋ ಎಂಬಂಥ ಒಂದು ಮಡಿಕೆ.

ಅಕ್ಕಯಮ್ಮ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಇದಿ ಆಡದಾನಿ ಮೊಹಂ ಕದೇ," ಎಂದಳು. ಹೆಂಗಸಿನ ಮುಖ ಅಲ್ವೇನೇ ಇದು. ಆಮೇಲೆ ಕನ್ನಡದಲ್ಲಿ, ದನಿ ತಗ್ಗಿಸಿ, "ಮೂರು ವರ್ಷ ಒಂದು ಹೆಂಗಸಿಗೆ ಮೀಸೆ ಬರೆದು ನೇತಾಕಿದ್ವಾ?"

ಸುನಂದಳಿಗೆ ಅಳು ಬಂತು. ಬಾಗಿಲ ಮೇಲೆ ನೇತುಹಾಕಬೇಕಾದ್ದು ತನ್ನ ಮುಖವನ್ನೇ ಎಂದು ಈ ಊರು ಎಳೆತನದಿಂದ ಅವಳಿಗೆ ಹೇಳಿಕೊಟ್ಟಿತ್ತು. ಆ ರಾಕ್ಷಸಿ ಪಾರ್ಟುಗಳೆಲ್ಲ ಮತ್ತೇನು? ಅದು ಎಷ್ಟು ಉರಿಯುತ್ತದೆ ಎಂದು ಊರಲ್ಲಿ ಅವಳಷ್ಟು ಗೊತ್ತಿದ್ದವರು ಬೇರೆ ಯಾರೂ ಇರಲಿಲ್ಲ. ಅಂಥವಳ ಕೈಗೇ ಒಬ್ಬ ತಾಯಿಯ ಮುಖ ಸಿಕ್ಕಿತು, ಅವಳೂ ಊರಿನ ಕಣ್ಣಿನಿಂದಲೇ ನೋಡಿದಳು. ಬೇರೆ ಯಾರಾದರೂ ಮಾಡಿದ್ದರೆ ತಿಳಿಯದೆ ಮಾಡಿದರು ಎನ್ನಬಹುದಿತ್ತು. ತನಗೆ ಆ ಮಾತೂ ಇಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಅನಿಸಿತು.

ಇಷ್ಟಾದರೂ ಅವಳು ಮಾರನೆಯ ದಿನಕ್ಕೆ ಸಿದ್ಧ ಮಾಡಿಕೊಂಡದ್ದು ಇನ್ನೊಂದು ಸುಳ್ಳು. ಟ್ರಂಕಿನ ತಳದಲ್ಲಿ ರಟ್ಟಿನ ಕೆಳಗಿತ್ತು, ನೆನ್ನೆ ತಾನೇ ಸಿಕ್ಕಿತು ಎನ್ನುವುದು. ಬಿರುಕಿಗೆ ಹಳೆಯ ಮರ ಎಂದರಾಯಿತು.

ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಅಬೆನಾ ಇಳಿದಳು. ಇಪ್ಪತ್ತೊಂದರ ಹುಡುಗಿ, ಜೀನ್ಸು, ಹಳದಿ ಕುರ್ತಾ, ಸಣ್ಣ ಸಣ್ಣ ಜಡೆಗಳನ್ನು ಸೇರಿಸಿ ಕಟ್ಟಿದ ತಲೆ. ಮಕ್ಕಳನ್ನು ನೋಡಿ, "ಎಲ್ಲರೂ ಚೆನ್ನಾಗಿದ್ದೀರಾ?" ಎಂದು ಕನ್ನಡದಲ್ಲೇ ಕೇಳಿದಳು, ಮಕ್ಕಳು ಹೋ ಎಂದು ಕೂಗಿದವು. ಸುನಂದ ಅವಳ ಜೊತೆ ನಡೆಯುತ್ತಿದ್ದಳು. ದಾರಿಯಲ್ಲಿ ಅಬೆನಾ ಫೋನು ತೆಗೆದು, ಬಸ್ಸಿನಿಂದ ಹಿಡಿದ ಫೋಟೋಗಳನ್ನು ತೋರಿಸಿದಳು. ಶ್ರೀನಿವಾಸಪುರ ದಾಟಿದ ಮೇಲೆ ಕಟ್ಟುತ್ತಿದ್ದ ಮನೆಗಳು, ಒಂದೊಂದರ ಮೇಲೂ ಒಂದು ಬೊಂಬೆ.

"ಇವು ಯಾಕೆ?" ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಕೇಳಿದಳು.

ಸುನಂದ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ, ಕೆಟ್ಟ ಕಣ್ಣು ಬೀಳದಿರಲಿ ಅಂತ ಕಟ್ಟುತ್ತಾರೆ, ನೋಡಿದವರು ಹೆದರಬೇಕು ಎಂದಳು.

ಅಬೆನಾ ಫೋಟೋವನ್ನು ದೊಡ್ಡದು ಮಾಡಿ ನೋಡಿದಳು. "ಬಹಳಷ್ಟು ಕಪ್ಪಗಿವೆ," ಎಂದಳು. ಸ್ವಲ್ಪ ದೂರ ನಡೆದು, "ನಾನು ಬಾಡಿಗೆಗಿರುವ ಮನೆಯ ಓನರ್, ಮಗು ಊಟ ಮಾಡದಿದ್ದರೆ ನನ್ನನ್ನು ಕರೆಯುತ್ತೇನೆ ಅಂತ ಅದನ್ನು ಹೆದರಿಸುತ್ತಾರೆ," ಎಂದಳು. ನಗುನಗುತ್ತಲೇ ಹೇಳಿದಳು. ಸುನಂದಳ ಹೆಗಲಿನ ಬುಟ್ಟಿಯಲ್ಲಿ ಬಟ್ಟೆಯಲ್ಲಿ ಸುತ್ತಿದ ಮುಖವಿತ್ತು.

ಲೈಬ್ರರಿ ತುಂಬಿತ್ತು. ಮಕ್ಕಳು ಪೀಪಾಯಿ ವಾದ್ಯ ಬಾರಿಸಿದವು. ಅಬೆನಾ ಮಗ್ಗದ ಬಟ್ಟೆಯ ಪಟ್ಟಿಗಳನ್ನು ಮುಟ್ಟಿ ಒಂದೊಂದು ವಿನ್ಯಾಸಕ್ಕೆ ಏನು ಅರ್ಥ ಎಂದು ಹೇಳಿದಳು, ಮೇಷ್ಟ್ರು ಅದನ್ನು ಕನ್ನಡಕ್ಕೆ ತಿರುಗಿಸಿದರು. ಆಮೇಲೆ ಮೇಷ್ಟ್ರ ತಮ್ಮನ ಫೋನಿನಲ್ಲಿ, ವೀಡಿಯೋ ಕಾಲ್‌ಗೆ, ಕೋಫಿ ಬಂದ. ಅಲ್ಲಿ ಆಗಷ್ಟೇ ಬೆಳಗಾಗಿತ್ತು, ತಲೆ ಬೆಳ್ಳಗಾದ ಮನುಷ್ಯ ಬಿಳಿ ಅಂಗಿ ಹಾಕಿ ತಯಾರಾಗಿ ಕೂತಿದ್ದ. ಮೇಷ್ಟ್ರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಕೈ ಜೋಡಿಸಿದರು.

"ಸಾರ್, ಇರಿ," ಎಂದು ಸುನಂದ ಅಂದಳು. "ಮುಖ ಸಿಕ್ತು. ಟ್ರಂಕಿನ ತಳದಲ್ಲೇ ಇತ್ತು. ರಟ್ಟಿನ ಕೆಳಗೆ."

ಬಟ್ಟೆ ಬಿಚ್ಚಿ ಅವರ ಕೈಗೆ ಕೊಟ್ಟಳು. ಮೇಷ್ಟ್ರ ಮುಖ ಅರಳಿದ್ದನ್ನು ನೋಡಿ ಜನ ಚಪ್ಪಾಳೆ ತಟ್ಟಿದರು. ಅವರು ಬೆರಳುಗಳಿಂದ ಮುಖವನ್ನು ಸವರತೊಡಗಿದರು. ಗದ್ದ, ತುಟಿ. ಮೂಗಿನ ಕೆಳಗೆ ಬೆರಳು ನಿಂತಿತು. ಅಲ್ಲಿ ಗಟ್ಟಿಯಾದ ಪೇಂಟಿತ್ತು. ಉಗುರಿನಿಂದ ಅದರ ಜಾಡು ಹಿಡಿದು ಹೋದರು, ಬಲಕ್ಕೆ ಒಂದು ಸುರುಳಿ, ಎಡಕ್ಕೆ ಒಂದು ಸುರುಳಿ. ಹಣೆಗೆ ಹೋದರು. ಮೊಳೆಯ ತೂತಿನ ಮೇಲೆ ಹೆಬ್ಬೆರಳು ಇಟ್ಟರು. ಮುಖವನ್ನು ಮೂಗಿನ ಹತ್ತಿರ ತಂದರು. ಥಿನ್ನರಿನ ವಾಸನೆ ಇನ್ನೂ ಹೋಗಿರಲಿಲ್ಲ. ಅವರೂ ಇದೇ ಜಿಲ್ಲೆಯವರು. ಮರದ ಮುಖಕ್ಕೆ ಮೀಸೆ ಬರೆದು ಹಣೆಗೆ ಮೊಳೆ ಹೊಡೆಯುವುದು ಎಲ್ಲಿ, ಯಾಕೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವರು ಸುನಂದಳ ದನಿ ಬಂದ ಕಡೆ ಒಮ್ಮೆ ತಿರುಗಿದರು. ಆಮೇಲೆ ಅಬೆನಾಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: "ಮಗಳೇ, ಇದು ಕೆಟ್ಟಿದೆ. ನನ್ನ ಕಣ್ಣು ಹೋದ ಮೇಲೆ ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ. ಯಾರೋ ಮಕ್ಕಳು ಆಟಕ್ಕೆ ತೆಗೆದುಕೊಂಡಿರಬೇಕು. ತಪ್ಪು ನನ್ನದು. ನಿಮ್ಮಪ್ಪನಿಗೂ ಹೇಳು, ನನ್ನನ್ನು ಕ್ಷಮಿಸಿ ಅಂತ." ಮತ್ತೆ ಕೈ ಜೋಡಿಸಿದರು. ಮುಖ ಆ ಎರಡು ಕೈಗಳ ನಡುವೆ ಇತ್ತು.

ಗೊತ್ತಾಗಿಯೂ ಮುಚ್ಚಿಟ್ಟರು ಎಂದು ಸುನಂದಳಿಗೆ ತಿಳಿಯಿತು. ಅವರು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ.

"ಸುಳ್ಳು," ಎಂದಳು. "ಸಾರ್ ಏನೂ ಮಾಡಿಲ್ಲ. ಮಕ್ಳೂ ಮಾಡಿಲ್ಲ. ನಾನು ಕದ್ದೆ. ಟ್ರಂಕು ತೆಗೆದ ದಿನಾನೇ ಕದ್ದೆ. ರಾಕ್ಷಸ ಅಂತ ತಿಳ್ಕೊಂಡು ನಮ್ಮನೆಗೆ ದಿಷ್ಟಿ ಬೊಂಬೆ ಮಾಡಿ ಕಟ್ಟಿದ್ದೆ, ಮೂರು ವರ್ಷ. ನೀವೆಲ್ಲ ನೋಡಿದ್ದೀರ. ಅದು ಇದೇ. ಸಾರ್ ಎರಡು ಸಲ ಕೇಳಿದ್ರು, ಇಲ್ಲ ಅಂದೆ."

ಬಾಗಿಲಲ್ಲಿ ನಿಂತಿದ್ದ ಮುನಿಕೃಷ್ಣ ತಲೆ ತಗ್ಗಿಸಿ ತನ್ನ ಕೈಗಳನ್ನು ನೋಡಿಕೊಂಡ. ಅಬೆನಾ ಮೇಷ್ಟ್ರನ್ನು ಕೇಳಿದಳು, ಏನಂದರು ಎಂದು. ಆಗ ಸುನಂದಳೇ ತನ್ನ ಹರಕು ಇಂಗ್ಲಿಷಿನಲ್ಲಿ, ಅಬೆನಾಳ ಫೋನಿನಲ್ಲಿದ್ದ ಬಸ್ಸಿನ ಫೋಟೋಗಳನ್ನು ತೋರಿಸಿ, ಈ ಮುಖವನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಂಡು ಹೇಳಿದಳು. ಇದು, ಅಲ್ಲಿ, ನಾನು. ಅಷ್ಟು ಸಾಕಾಯಿತು.

ಅಬೆನಾ ಅಜ್ಜಿಯ ಮುಖವನ್ನು ತೆಗೆದುಕೊಂಡಳು. ಎಡಗೆನ್ನೆಯ ಮೇಲೆ ಒಂದು ಸಣ್ಣ ಗೀರನ್ನು ಹುಡುಕಿದಳು. ಕೆತ್ತುವಾಗ ಅಪ್ಪನ ಉಳಿ ಜಾರಿದ ಜಾಗವಂತೆ. ಅದಿತ್ತು. ಫೋನಿಗೆ ತೋರಿಸಿದಳು. ಕೋಫಿ ಬಹಳ ಹೊತ್ತು ನೋಡಿದ. ಮಗಳು ತಮ್ಮ ಭಾಷೆಯಲ್ಲಿ ಏನೋ ಹೇಳಿದಳು, ಅವನು ಮುಖ ಒರೆಸಿಕೊಂಡ. ಆಮೇಲೆ ಫೋನಿಗೆ ತೀರ ಹತ್ತಿರ ಬಂದು ಮೆಲ್ಲಗೆ ಎರಡು ಮೂರು ಮಾತಾಡಿದ.

"ನನಗೆ ಏನಂದರು?" ಎಂದು ಸುನಂದ ಕೇಳಿದಳು.

"ನಿಮಗಲ್ಲ," ಎಂದಳು ಅಬೆನಾ. "ಅಜ್ಜಿಗೆ ಅಂದದ್ದು."

ಊಟಕ್ಕೆ ಅವಳು ಬರಲಿಲ್ಲ. ಹಸಿವಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿದಳು. ಮುಖವನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಮೇಷ್ಟ್ರ ಕೈ ಹಿಡಿದು ಸ್ವಲ್ಪ ಹೊತ್ತು ಕೂತು, ಎರಡು ಗಂಟೆಯ ಬಸ್ಸಿಗೆ ಹೊರಟಳು. ಸುನಂದಳ ಮನೆಯಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ ಸಾರು ಒಲೆಯ ಮೇಲೇ ಇತ್ತು. ಸುನಂದ ಬಸ್ಸಿನವರೆಗೆ ಹೋಗದೆ ಲೈಬ್ರರಿಯ ಬಾಗಿಲಲ್ಲೇ ನಿಂತಳು. ಹೋದದ್ದು ಅಕ್ಕಯಮ್ಮ. ಯಾರಿಗೂ ಹೇಳದೆ ಮುದ್ದೆಯನ್ನೂ ಸಾರನ್ನೂ ಕ್ಯಾರಿಯರಿಗೆ ತುಂಬಿ, ಕೋಲೂರಿಕೊಂಡು, ಆ ಬಿಸಿಲಿನಲ್ಲಿ ರಸ್ತೆಯವರೆಗೆ ನಡೆದಳಂತೆ. ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯಿಂದ ಕ್ಯಾರಿಯರು ಎತ್ತಿಕೊಟ್ಟು, ಹುಡುಗಿಯ ಮಡಿಲಲ್ಲಿದ್ದ ಬಟ್ಟೆಯ ಗಂಟಿಗೆ ಕೈ ಮುಗಿದಳಂತೆ. ಹುಡುಗಿ ಕ್ಯಾರಿಯರು ಬೇಡ ಅನ್ನಲಿಲ್ಲ. ಅವತ್ತಿನಿಂದ ಅಕ್ಕಯಮ್ಮ ಸೊಸೆಯನ್ನು ಸುನಂದ ಎಂದೇ ಕರೆಯುತ್ತಾಳೆ. ಅದು ಸುನಂದಳಿಗೆ ಈಗ ಏನೂ ಹಿತವಾಗುವುದಿಲ್ಲ. ಯಾವ ಬೆಲೆಗೆ ಬಂತು ಎಂದು ಅವಳಿಗೆ ಗೊತ್ತು.

ಸುನಂದ ಬೀಗದ ಕೈಯನ್ನು ಮೇಷ್ಟ್ರ ಮುಂದಿಟ್ಟಳು. ಅವರು ಅದನ್ನು ತಡವಿ ನೋಡಿ, ವಾಪಸ್ಸು ತಳ್ಳಿದರು. "ಓಡಿ ಹೋಗ್ಬೇಡ. ಪಟ್ಟಿ ತಗೊಂಡು ಬಾ. ನಲವತ್ತೊಂದು ಬರಿ."

"ಏನಂತ ಬರೀಲಿ ಸಾರ್?"

"ಇದ್ದದ್ದನ್ನ ಬರಿ."

ಡಿಸೆಂಬರ್ ರಜೆಗೆ ಅಬೆನಾ ಮುಖವನ್ನು ಊರಿಗೆ ಒಯ್ದಳು. ಅದು ಅವರ ಮನೆಯ ಗೋಡೆಯ ಮೇಲಿರುವ ಫೋಟೋ ಮೇಷ್ಟ್ರ ತಮ್ಮನ ಫೋನಿಗೆ ಬಂತು. ಕೋಫಿ ಬಿರುಕನ್ನು ಮೇಣ ತುಂಬಿ ಮುಚ್ಚಿದ್ದಾನೆ, ಮೀಸೆಯನ್ನು ಉಳಿಯಿಂದ ಕೆರೆದು ತೆಗೆದಿದ್ದಾನೆ. ಮೊಳೆಯ ತೂತನ್ನು ಹಾಗೇ ಬಿಟ್ಟಿದ್ದಾನೆ. ಸುನಂದ ಇದನ್ನೆಲ್ಲ ಮೇಷ್ಟ್ರಿಗೆ ವಿವರಿಸಿ ಹೇಳಿದಳು, ತೂತಿನ ವಿಷಯವನ್ನೂ ಬಿಡಲಿಲ್ಲ.

ಲೈಬ್ರರಿಯಲ್ಲಿ ಬಾಚಣಿಗೆಗೂ ಮಣೆಗೂ ನಡುವೆ ಈಗ ಗೋಡೆ ಖಾಲಿ ಇದೆ. ಅಲ್ಲಿ ಸುನಂದಳದೇ ದುಂಡು ಅಕ್ಷರದಲ್ಲಿ ಒಂದು ಕಾರ್ಡು ಅಂಟಿಸಿದೆ. ಹೊಸದಾಗಿ ಓದು ಕಲಿತ ಮಕ್ಕಳು ಅದನ್ನು ಗಟ್ಟಿಯಾಗಿ, ಅಕ್ಷರ ಕೂಡಿಸಿ ಕೂಡಿಸಿ ಓದುತ್ತವೆ. ಮೊನ್ನೆ ಎರಡನೇ ಕ್ಲಾಸಿನ ಒಂದು ಹುಡುಗಿ ಓದುತ್ತಿತ್ತು: "ನಲವತ್ತೊಂದು. ಎಫುವಾ ಅಮ್ಮನ ಮುಖ. ಮಗ ಕೋಫಿ ಕೆತ್ತಿದ್ದು. ಇದನ್ನು ಸುನಂದ ಎಂಬುವಳು ಕದ್ದು, ರಾಕ್ಷಸನೆಂದು ತನ್ನ ಮನೆಗೆ ಮೂರು ವರ್ಷ ನೇತುಹಾಕಿದ್ದಳು. ಈಗ ಅದು ತನ್ನವರ ಮನೆಯಲ್ಲಿದೆ."

ಓದಿ ಮುಗಿಸಿ ಹುಡುಗಿ ಹಿಂದೆ ತಿರುಗಿತು. "ಅಕ್ಕಾ, ಈ ಸುನಂದ ಯಾರು?"

"ನಾನೇ ಕಣೇ."

ಹುಡುಗಿ ಕಾರ್ಡನ್ನೊಮ್ಮೆ, ಅವಳನ್ನೊಮ್ಮೆ ನೋಡಿತು. "ಅಮ್ಮನ ಮುಖ ಅಂತ ಗೊತ್ತಾಗ್ಲಿಲ್ವಾ ನಿಮ್ಗೆ?"

ಪುಸ್ತಕ ಜೋಡಿಸುತ್ತಿದ್ದ ಸುನಂದಳ ಕಿವಿ ಬಿಸಿಯಾಯಿತು. ಪ್ರತಿ ಸಲವೂ ಆಗುತ್ತದೆ.

"ನಾನು ನೋಡ್ಲೇ ಇಲ್ಲ ಕಣೇ," ಎಂದಳು.